ಬರೆದವರು ಒಬ್ಬರು, ಅರ್ಧ ಬಹುಮಾನ ಅನುವಾದಕರಿಗೆ ಯಾಕೆ?

2025ರ ಮೇ 20ರಂದು ಲಂಡನ್ನಿನಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಹುಮಾನ ಘೋಷಣೆಯಾದಾಗ ವೇದಿಕೆ ಹತ್ತಿದವರು ಇಬ್ಬರು. ಒಬ್ಬರು ಹಾಸನದ ಬಾನು ಮುಷ್ತಾಕ್. ಇನ್ನೊಬ್ಬರು ಮಡಿಕೇರಿಯ ದೀಪಾ ಭಾಸ್ತಿ. ಬಹುಮಾನದ ಮೊತ್ತ 50,000 ಪೌಂಡ್. ಕತೆ ಬರೆದ ಬಾನು ಅವರಿಗೆ 25,000, ಅದನ್ನು ಇಂಗ್ಲಿಷಿಗೆ ತಂದ ದೀಪಾ ಅವರಿಗೆ 25,000. ಸರಿಯಾಗಿ ಅರ್ಧರ್ಧ.

ಕನ್ನಡಕ್ಕೆ ಈ ಬಹುಮಾನ ಬಂದಿದ್ದು ಇದೇ ಮೊದಲು, ಒಂದು ಕಥಾಸಂಕಲನಕ್ಕೆ ಬಂದಿದ್ದೂ ಇದೇ ಮೊದಲು. ಹಾಗಾಗಿ ಸಾಹಿತ್ಯದ ಸುದ್ದಿಯನ್ನು ಅಷ್ಟಾಗಿ ಓದದ ಮನೆಗಳಲ್ಲೂ ಇದರ ಮಾತು ಬಂತು. ಆಗ ಸಹಜವಾಗಿ ಏಳುವ ಪ್ರಶ್ನೆ ಒಂದಿದೆ. ಕತೆ ಹುಟ್ಟಿದ್ದು ಲೇಖಕಿಯ ತಲೆಯಲ್ಲಿ, ಪಾತ್ರಗಳು ಅವರವು, ನೋವು ಅವರು ಕಂಡದ್ದು. ಅನುವಾದಕರು ಮಾಡಿದ್ದು ಅದನ್ನು ಇನ್ನೊಂದು ಭಾಷೆಯಲ್ಲಿ ಹೇಳಿದ್ದು ಅಷ್ಟೇ ಅಲ್ವಾ? ಅದಕ್ಕೆ ಅರ್ಧ ಪಾಲು ಯಾಕೆ?

ಚಿಕ್ಕ ಉತ್ತರ ಹೀಗಿದೆ. ಲಂಡನ್ನಿನ ತೀರ್ಪುಗಾರರು ಓದಿದ ಹಾರ್ಟ್ ಲ್ಯಾಂಪ್ ಎಂಬ ಪುಸ್ತಕದಲ್ಲಿ ಬಾನು ಅವರ ಕತೆ ಇತ್ತು, ಆದರೆ ಬಾನು ಅವರ ಒಂದು ವಾಕ್ಯವೂ ಇರಲಿಲ್ಲ. ಅದರ ಪ್ರತಿ ವಾಕ್ಯವನ್ನೂ ಬರೆದವರು ದೀಪಾ. ದೊಡ್ಡ ಉತ್ತರ ಸಾವಿರದೈನೂರು ವರ್ಷದಷ್ಟು ಉದ್ದ ಇದೆ. ಅದನ್ನು ಬುಡದಿಂದ ನೋಡೋಣ.

ಮೊದಲು ನಾಲ್ಕು ಪದ

ಒಂದು ಭಾಷೆಯಲ್ಲಿರುವ ಬರಹವನ್ನು ಇನ್ನೊಂದು ಭಾಷೆಯಲ್ಲಿ ಬರೆಯುವುದು ಅನುವಾದ. ಭಾಷಾಂತರ ಅಂದರೂ ಅದೇ. ಇದು ಬಾಯಿಮಾತಿನಲ್ಲಿ, ಆ ಕ್ಷಣಕ್ಕೆ ನಡೆದರೆ ಮಾಡುವವರನ್ನು ದುಭಾಷಿ ಅನ್ನುತ್ತೇವೆ. ಕೋರ್ಟಿನಲ್ಲಿ, ಆಸ್ಪತ್ರೆಯಲ್ಲಿ, ದೇಶದೇಶಗಳ ಮಾತುಕತೆಯಲ್ಲಿ ಕೂರುವವರು ಇವರು. ಅದು ಬೇರೆಯೇ ಕಸುಬು.

ಮೂಲದ ಸಾಲುಸಾಲಿಗೆ ಅಂಟಿಕೊಳ್ಳದೆ ಹುರುಳನ್ನು ಹಿಡಿದು ತನ್ನ ಮಾತಿನಲ್ಲಿ ಬರೆದರೆ ಭಾವಾನುವಾದ. ಪೂರ್ಣಚಂದ್ರ ತೇಜಸ್ವಿ ಅವರು ಕೆನೆತ್ ಆಂಡರ್ಸನ್‌ನ ಶಿಕಾರಿ ಅನುಭವಗಳನ್ನು ಕಾಡಿನ ಕತೆಗಳಾಗಿ ಕನ್ನಡಕ್ಕೆ ತಂದಿದ್ದು ಹೀಗೆ. ಊರು, ಹೆಸರು, ಕಾಲವನ್ನೇ ಬದಲಿಸಿ ನಮ್ಮದಾಗಿಸಿಕೊಂಡರೆ ರೂಪಾಂತರ. 19ನೇ ಶತಮಾನದಲ್ಲಿ ಮೈಸೂರಿನ ಬಸವಪ್ಪ ಶಾಸ್ತ್ರಿಗಳ ಕೈಯಲ್ಲಿ ಶೇಕ್ಸ್‌ಪಿಯರನ ಒಥೆಲೋ ನಾಟಕ ಶೂರಸೇನ ಚರಿತ್ರೆ ಆಯಿತು. ಇವುಗಳ ನಡುವಿನ ಗೆರೆ ಗಟ್ಟಿಯಾಗಿಲ್ಲ. ಒಂದೇ ಪುಸ್ತಕದಲ್ಲಿ ಮೂರೂ ಬೆರೆತಿರಬಹುದು.

ಅನುವಾದಕರು ಮಾಡುವ ಕೆಲಸ ಏನು?

ಎರಡು ಭಾಷೆ ಬಂದರೆ ಅನುವಾದ ಬರುತ್ತದೆ ಎಂದು ಜಾಸ್ತಿ ಜನ ಅಂದುಕೊಂಡಿರುತ್ತಾರೆ. ಮಲೆನಾಡಿನ ಒಂದು ತೊಟ್ಟಿಮನೆಯನ್ನು ಬಯಲುಸೀಮೆಯಲ್ಲಿ ಕಟ್ಟಬೇಕು ಅಂದುಕೊಳ್ಳಿ. ಇಲ್ಲಿನ ಕಂಬ, ಹೆಂಚು, ಜಂಬಿಟ್ಟಿಗೆ ಯಾವುದನ್ನೂ ಸಾಗಿಸುವಂತಿಲ್ಲ. ಅಲ್ಲಿ ಸಿಗುವ ಕಲ್ಲು, ಅಲ್ಲಿನ ಮರ, ಅಲ್ಲಿನ ಮೇಸ್ತ್ರಿಯ ಲೆಕ್ಕದಲ್ಲೇ ಕಟ್ಟಬೇಕು. ಆದರೆ ಒಳಗೆ ಹೋದವರಿಗೆ ತೊಟ್ಟಿಯ ನಡುವಿನ ಬೆಳಕು ಹಾಗೇ ಬೀಳಬೇಕು. ಅನುವಾದ ಹೆಚ್ಚುಕಡಿಮೆ ಇಂಥ ಕೆಲಸ. ಮೂಲದ ಒಂದು ಪದವೂ ಅಲ್ಲಿಗೆ ಹೋಗುವುದಿಲ್ಲ, ಎಲ್ಲವನ್ನೂ ಹೊಸದಾಗಿ ಆರಿಸಬೇಕು.

ಆರಿಸುವುದು ಅಂದೆನಲ್ಲ, ಅಲ್ಲೇ ಅವರ ಶ್ರಮವೆಲ್ಲ ಇರುವುದು. ಮಾವ ಅಂದರೆ ಗಂಡನ ಅಪ್ಪನೋ, ತಾಯಿಯ ತಮ್ಮನೋ? ಇಂಗ್ಲಿಷಿನಲ್ಲಿ ಎರಡಕ್ಕೂ ಬೇರೆ ಪದ ಬೇಕು, ಅಂದರೆ ಮೂಲದಲ್ಲಿ ಹೇಳದೇ ಬಿಟ್ಟಿದ್ದನ್ನು ಅನುವಾದಕಿ ತೀರ್ಮಾನಿಸಬೇಕು. ನೀನು, ನೀವು ಎಂಬ ಎರಡು ಪದಗಳಲ್ಲಿ ಕನ್ನಡ ತೋರಿಸುವ ಸಲಿಗೆ ಮತ್ತು ದೂರವನ್ನು ಇಂಗ್ಲಿಷ್ ಬೇರೆ ದಾರಿಯಲ್ಲೇ ತೋರಿಸಬೇಕು. ಗಾದೆ, ಬೈಗುಳ, ದೇವರ ಹೆಸರು, ಅಡುಗೆ, ಒಂದು ಪಾತ್ರದ ಮಾತಿನಲ್ಲಿ ಬೆರೆತಿರುವ ಇನ್ನೊಂದು ಭಾಷೆ, ಹೀಗೆ ಪುಟಕ್ಕೆ ಹತ್ತಾರು ಕಡೆ ನಿಂತು ಯೋಚಿಸಬೇಕಾಗುತ್ತದೆ.

ದೀಪಾ ಭಾಸ್ತಿ ಮಾಡಿದ ಆಯ್ಕೆಗಳನ್ನೇ ನೋಡಿ. ಬಾನು ಅವರ ಕತೆಗಳ ಲೋಕದಲ್ಲಿ ಕನ್ನಡದ ಜತೆ ಉರ್ದು, ಅರಬಿ ಪದಗಳು ಸಲೀಸಾಗಿ ಓಡಾಡುತ್ತವೆ. ಇಂಗ್ಲಿಷ್ ಪುಸ್ತಕಗಳಲ್ಲಿ ಇಂಥ ಪದಗಳನ್ನು ಓರೆ ಅಕ್ಷರದಲ್ಲಿ ಹಾಕಿ, ಕೆಳಗೆ ಅಡಿಟಿಪ್ಪಣಿ ಕೊಡುವುದು ಹಳೆಯ ರೂಢಿ. ದೀಪಾ ಎರಡನ್ನೂ ಬಿಟ್ಟರು. ಪದಗಳು ನೇರ ಅಕ್ಷರದಲ್ಲೇ, ವಿವರಣೆಯಿಲ್ಲದೆ ನಿಂತಿವೆ. ಇಂಗ್ಲಿಷ್ ಓದುಗರು ಸ್ವಲ್ಪ ನಿಧಾನವಾಗಿ, ಸಂದರ್ಭದಿಂದಲೇ ಅರ್ಥ ಮಾಡಿಕೊಳ್ಳಬೇಕು. ನಾವು ಚಿಕ್ಕಂದಿನಲ್ಲಿ ಇಂಗ್ಲಿಷ್ ಕಾದಂಬರಿ ಓದುವಾಗ ಅಲ್ಲಿನ ತಿಂಡಿಗಳ ಹೆಸರನ್ನು ಯಾರೂ ಬಿಡಿಸಿ ಹೇಳಿರಲಿಲ್ಲ, ಆದರೂ ಓದಿದೆವಲ್ಲ!

ಇನ್ನೊಂದು ವಿಷಯ ಅಷ್ಟಾಗಿ ಸುದ್ದಿಯಾಗಲಿಲ್ಲ. ಆ ಪುಸ್ತಕದ 12 ಕತೆಗಳು 1990ರಿಂದ 2023ರವರೆಗೆ, ಅಂದರೆ ಮೂರು ದಶಕಗಳ ಉದ್ದಕ್ಕೂ ಪ್ರಕಟವಾದವು. ಬೇರೆ ಬೇರೆ ಸಂಕಲನಗಳಲ್ಲಿದ್ದ ಕತೆಗಳ ರಾಶಿಯಿಂದ ಇವನ್ನು ಆಯ್ದವರು ದೀಪಾ. ಯಾವ ಕತೆ ಇರಬೇಕು, ಯಾವುದು ಬೇಡ ಅನ್ನುವುದರಿಂದಲೇ ಆ ಪುಸ್ತಕಕ್ಕೊಂದು ಆಕಾರ ಬಂತು.

ಈ ಬಹುಮಾನ ಮೊದಲಿಂದಲೂ ಹೀಗಿತ್ತಾ?

ಇಲ್ಲ. 2005ರಲ್ಲಿ ಶುರುವಾದಾಗ ಇದನ್ನು ಎರಡು ವರ್ಷಕ್ಕೊಮ್ಮೆ ಒಬ್ಬ ಲೇಖಕರ ಒಟ್ಟು ಬರವಣಿಗೆಗೆ ಕೊಡುತ್ತಿದ್ದರು. ನಮ್ಮ ಯು.ಆರ್. ಅನಂತಮೂರ್ತಿ 2013ರಲ್ಲಿ ಅಂತಿಮ ಪಟ್ಟಿಯಲ್ಲಿದ್ದದ್ದು ಆ ಹಳೆಯ ಕ್ರಮದಲ್ಲಿ. 2016ರಿಂದ ನಿಯಮ ಬದಲಾಯಿತು. ಪ್ರತಿ ವರ್ಷ ಇಂಗ್ಲಿಷಿಗೆ ಅನುವಾದವಾದ ಒಂದು ಪುಸ್ತಕಕ್ಕೆ ಬಹುಮಾನ, ಹಣ ಲೇಖಕರಿಗೂ ಅನುವಾದಕರಿಗೂ ಸಮಪಾಲು.

ಹೊಸ ನಿಯಮದಲ್ಲಿ ಮೊದಲು ಗೆದ್ದದ್ದು ಕೊರಿಯಾದ ಹಾನ್ ಕಾಂಗ್ ಅವರ ಕಾದಂಬರಿ. ಅದನ್ನು ಇಂಗ್ಲಿಷಿಗೆ ತಂದವರು ಡೆಬೊರಾ ಸ್ಮಿತ್. ಗೆದ್ದ ಮೇಲೆ ಕೊರಿಯಾದ ಓದುಗರು ಮೂಲವನ್ನೂ ಅನುವಾದವನ್ನೂ ಅಕ್ಕಪಕ್ಕ ಇಟ್ಟುಕೊಂಡು ತಪ್ಪುಗಳನ್ನು ಪಟ್ಟಿ ಮಾಡಿದರು. ಶೈಲಿಯೇ ಬದಲಾಗಿದೆ ಎಂದು ಕೆಲವರು ಅಂದರು. ಮುಂದೆ ಕೆಲವು ತಪ್ಪುಗಳನ್ನು ತಿದ್ದಲಾಯಿತು. ಆದರೆ ಆ ಇಂಗ್ಲಿಷ್ ಪುಸ್ತಕವೇ ಹಾನ್ ಕಾಂಗ್ ಅವರನ್ನು ಲೋಕಕ್ಕೆ ತೋರಿಸಿತು ಅನ್ನುವುದೂ ನಿಜ. 2024ರಲ್ಲಿ ಅವರಿಗೆ ನೊಬೆಲ್ ಬಂತು. ಅನುವಾದಕರಿಗೆ ಪಾಲು ಕೊಟ್ಟಮೇಲೆ ಹೊಣೆಯನ್ನೂ ಕೇಳಬೇಕಾಗುತ್ತದೆ, ಈ ಚರ್ಚೆಯಲ್ಲಿ ಆದದ್ದು ಅದೇ.

ಪಂಚತಂತ್ರ ನಡೆದ ದಾರಿ

ಅನುವಾದ ಇತಿಹಾಸದಲ್ಲಿ ಏನು ಮಾಡಿದೆ ಎಂದು ತಿಳಿಯಲು ನನಗೆ ಪಂಚತಂತ್ರಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

6ನೇ ಶತಮಾನ. ಪರ್ಷಿಯಾದಲ್ಲಿ ಮೊದಲನೇ ಖುಸ್ರೋ ದೊರೆ. ಅವನ ಆಸ್ಥಾನದ ವೈದ್ಯ ಬುರ್ಜೋಯಿ ಭಾರತಕ್ಕೆ ಬಂದು ಸಂಸ್ಕೃತದ ಈ ಕತೆಗಳನ್ನು ಪಹ್ಲವಿ ಭಾಷೆಗೆ, ಅಂದರೆ ಆ ಕಾಲದ ಪರ್ಷಿಯನ್ನಿಗೆ ತಂದ. ಸುಮಾರು 750ರ ಹೊತ್ತಿಗೆ ಇಬ್ನ್ ಅಲ್ ಮುಕಫ್ಫಾ ಅದನ್ನು ಅರಬಿಗೆ ತಂದ. ಕರಟಕ, ದಮನಕ ಎಂಬ ನಮ್ಮ ಎರಡು ನರಿಗಳು ಅಲ್ಲಿ ಕಲೀಲ, ದಿಮ್ನ ಆದವು. ಅರಬಿಯಿಂದ ಹೀಬ್ರೂಗೆ, ಹೀಬ್ರೂದಿಂದ 13ನೇ ಶತಮಾನದಲ್ಲಿ ಲ್ಯಾಟಿನ್ನಿಗೆ, ಅಲ್ಲಿಂದ ಸ್ಪ್ಯಾನಿಷ್, ಆಮೇಲೆ ಇಟಾಲಿಯನ್. 1570ರಲ್ಲಿ ಥಾಮಸ್ ನಾರ್ತ್ ಎಂಬಾತ ಅದನ್ನು ಇಂಗ್ಲಿಷಿಗೆ ತಂದ. ಸಂಸ್ಕೃತದಿಂದ ಇಂಗ್ಲಿಷಿಗೆ ಬರುವಷ್ಟರಲ್ಲಿ ನಡುವೆ ಆರು ಭಾಷೆ ದಾಟಿತ್ತು, ಸಾವಿರ ವರ್ಷ ಕಳೆದಿತ್ತು. ಫ್ರಾನ್ಸಿನ ಲಾ ಫಾಂಟೇನ್ ಕೂಡ ತನ್ನ ನೀತಿಕತೆಗಳಲ್ಲಿ ಭಾರತದ ಪಿಲ್ಪೇ ಎಂಬ ಪಂಡಿತನಿಗೆ ಋಣಿ ಎಂದು 1678ರಲ್ಲಿ ಬರೆದ. ಆ ಪಿಲ್ಪೇ ಇದೇ ಸರಣಿಯಲ್ಲಿ ಬಂದ ಹೆಸರು.

ಈಗ ನಮ್ಮ ಕಡೆ ಬನ್ನಿ. ಸುಮಾರು 1031ರಲ್ಲಿ, ಕಲ್ಯಾಣ ಚಾಲುಕ್ಯರ ಜಗದೇಕಮಲ್ಲ ಜಯಸಿಂಹನ ಬಳಿ ಸಂಧಿವಿಗ್ರಹಿಯಾಗಿದ್ದ, ಅಂದರೆ ಯುದ್ಧ ಮತ್ತು ಒಪ್ಪಂದಗಳ ವ್ಯವಹಾರ ನೋಡುತ್ತಿದ್ದ ದುರ್ಗಸಿಂಹ ಇದನ್ನು ಕನ್ನಡದಲ್ಲಿ ಚಂಪೂ ರೂಪದಲ್ಲಿ ಬರೆದ. ಇಂಗ್ಲಿಷಿಗಿಂತ ಐನೂರು ವರ್ಷಕ್ಕೂ ಮೊದಲು! ಅವನು ಹಿಡಿದದ್ದು ನಮಗೆಲ್ಲ ಗೊತ್ತಿರುವ ವಿಷ್ಣುಶರ್ಮನ ಪಾಠವನ್ನಲ್ಲ (ಪಾಠ ಅಂದರೆ ಇಲ್ಲಿ ಒಂದೇ ಕೃತಿಯ ಬೇರೆ ಬೇರೆ ಬರಹರೂಪ), ವಸುಭಾಗಭಟ್ಟ ಎಂಬುವನ ಪಾಠವನ್ನು. ಅದರ ಸಂಸ್ಕೃತ ಮೂಲ ಇವತ್ತು ನಮಗೆ ಸಿಗುವುದಿಲ್ಲ. ದುರ್ಗಸಿಂಹ ಕೂತು ಬರೆಯದಿದ್ದರೆ ಆ ಕವಲು ಹೇಗಿತ್ತು ಎಂದು ತಿಳಿಯುವುದು ಬಹಳ ಕಷ್ಟವಾಗುತ್ತಿತ್ತು. ಅದೇ ವಸುಭಾಗನ ಹೆಸರು ದೂರದ ಜಾವಾ ದ್ವೀಪದ ತಂತ್ರಿ ಕತೆಗಳಲ್ಲೂ ಬರುತ್ತದೆ.

ಪಂಚತಂತ್ರದ ಮೊಟ್ಟಮೊದಲ ಸಂಸ್ಕೃತ ರೂಪವೂ ಉಳಿದಿಲ್ಲ. ಬುರ್ಜೋಯಿಯ ಪಹ್ಲವಿಯೂ ಉಳಿದಿಲ್ಲ. 1924ರಲ್ಲಿ ಫ್ರಾಂಕ್ಲಿನ್ ಎಡ್ಗರ್ಟನ್ ಎಂಬ ವಿದ್ವಾಂಸ ಮೂಲ ಹೇಗಿದ್ದಿರಬಹುದು ಎಂದು ಮತ್ತೆ ಕಟ್ಟಲು ಹೊರಟಾಗ, ಉಳಿದ ಸಂಸ್ಕೃತ ಪಾಠಗಳ ಜತೆಗೆ ಪಹ್ಲವಿಯಿಂದ ಹುಟ್ಟಿದ ಹಳೆಯ ಸಿರಿಯಾಕ್ (ಪಶ್ಚಿಮ ಏಷ್ಯಾದ ಪುರಾತನ ಭಾಷೆ) ಮತ್ತು ಅರಬಿ ಅನುವಾದಗಳನ್ನೂ ಒರೆಗೆ ಹಚ್ಚಿದರು. ಮೂಲ ಕಳೆದುಹೋದಾಗ ಅದರ ಸಾಕ್ಷಿ ಹೇಳಿದ್ದು ಅನುವಾದಗಳು. ಅನುವಾದ ಅಂದರೆ ನಕಲು ಅನ್ನುವವರಿಗೆ ನಾನು ಹೇಳುವುದು ಇದನ್ನೇ.

ಇಂಥದ್ದು ಬೇರೆ ಕಡೆಯೂ ಆಗಿದೆ. 9ನೇ ಶತಮಾನದ ಬಾಗ್ದಾದಿನಲ್ಲಿ ಹುನೈನ್ ಇಬ್ನ್ ಇಸ್ಹಾಕ್ ಗ್ರೀಕ್ ವೈದ್ಯ ಗೇಲನ್‌ನ ಗ್ರಂಥಗಳನ್ನು ಸಿರಿಯಾಕ್‌ಗೂ ಅರಬಿಗೂ ತಂದ. ಒಂದೇ ಗ್ರಂಥದ ಹಲವು ಹಸ್ತಪ್ರತಿಗಳನ್ನು ಹುಡುಕಿ, ಹೋಲಿಸಿ, ಆಮೇಲೆ ಅನುವಾದಕ್ಕೆ ಕೂರುತ್ತಿದ್ದ. ಗೇಲನ್‌ನ ಕೆಲವು ಕೃತಿಗಳು ಇವತ್ತು ಅರಬಿಯಲ್ಲಿ ಮಾತ್ರ ಸಿಗುತ್ತವೆ. ಚೀನಾದಲ್ಲಿ, 401ರಲ್ಲಿ ಚಾಂಗಾನ್ ನಗರ ಸೇರಿದ ಕುಮಾರಜೀವ ಬೌದ್ಧ ಸೂತ್ರಗಳನ್ನು ಚೀನೀ ಭಾಷೆಗೆ ತಂದ. ಕಾಲ ನಮೂದಾಗಿರುವ ಜಗತ್ತಿನ ಅತಿ ಹಳೆಯ ಮುದ್ರಿತ ಪುಸ್ತಕ 868ರ ವಜ್ರಸೂತ್ರ. ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಅದು ಕುಮಾರಜೀವ ಮಾಡಿದ ಅನುವಾದ.

ಕನ್ನಡವನ್ನೇ ಬದಲಿಸಿದವರು

ಅನುವಾದದಿಂದ ಹೊಸ ಪುಸ್ತಕ ಬರುವುದಷ್ಟೇ ಅಲ್ಲ, ಕೆಲವೊಮ್ಮೆ ಬರೆಯುವ ಹೊಸ ರೀತಿಯೇ ಬರುತ್ತದೆ. 19ನೇ ಶತಮಾನದ ಕೊನೆಯಲ್ಲಿ ಕನ್ನಡಿಗರಿಗೆ ಕಾದಂಬರಿ ಓದುವ ರುಚಿ ಹತ್ತಿಸಿದವರಲ್ಲಿ ಬಿ. ವೆಂಕಟಾಚಾರ್ಯರು ದೊಡ್ಡವರು. ಬಂಗಾಳಿಯಿಂದ ಬಂಕಿಮಚಂದ್ರರ ಕಾದಂಬರಿಗಳನ್ನು ಒಂದಾದಮೇಲೊಂದು ತಂದರು. ಮರಾಠಿಯಿಂದ ಗಳಗನಾಥರು ಅದೇ ಕೆಲಸ ಮಾಡಿದರು. ಕನ್ನಡದ ಸ್ವಂತ ಕಾದಂಬರಿ ಗಟ್ಟಿಯಾಗಿ ನಿಲ್ಲುವ ಹೊತ್ತಿಗೆ ಓದುಗರು ಆಗಲೇ ತಯಾರಾಗಿದ್ದರು.

ಕವಿತೆಯಲ್ಲಿ ಆದದ್ದು ಇನ್ನೂ ದೊಡ್ಡದು. ಬಿ.ಎಂ. ಶ್ರೀಕಂಠಯ್ಯನವರ ಇಂಗ್ಲಿಷ್ ಗೀತಗಳು ಪುಸ್ತಕವಾಗಿ ಬಂದದ್ದು 1926ರಲ್ಲಿ. ಇಂಗ್ಲಿಷ್ ಕವಿತೆಗಳನ್ನು ತರಲು ಹೋದಾಗ ಹಳೆಯ ಛಂದಸ್ಸು ಸಾಲಲಿಲ್ಲ, ಹಾಗಾಗಿ ಅವರು ಹೊಸ ಲಯಗಳನ್ನು, ಆಡುಮಾತಿಗೆ ಹತ್ತಿರದ ಕನ್ನಡವನ್ನು ಹುಡುಕಿಕೊಂಡರು. ಆ ಲಯಗಳು ಮುಂದಿನ ಕವಿಗಳ ಕೈಗೆ ಸಿಕ್ಕವು. ನವೋದಯ ಕಾವ್ಯ ಎಂದು ನಾವು ಶಾಲೆಯಲ್ಲಿ ಓದುವುದಕ್ಕೆ ಹೀಗೆ ದಾರಿಯಾಯಿತು. ಶಾಲೆಗಳಲ್ಲಿ ಪ್ರಾರ್ಥನೆಯಾಗಿ ಹಾಡುವ ಕರುಣಾಳು ಬಾ ಬೆಳಕೆ ಕೂಡ ಅವರ ಅನುವಾದ. ಮೂಲ ಬರೆದದ್ದು 1833ರಲ್ಲಿ, ಜಾನ್ ಹೆನ್ರಿ ನ್ಯೂಮನ್ ಎಂಬ ಇಂಗ್ಲೆಂಡಿನ ಪಾದ್ರಿ. ಹಾಡುವ ಎಷ್ಟೋ ಮಕ್ಕಳಿಗೆ ಅದು ಅನುವಾದ ಅಂತಲೇ ಗೊತ್ತಿರುವುದಿಲ್ಲ.

ಡಿ.ವಿ.ಜಿ. ಅವರ ಉಮರನ ಒಸಗೆಯದ್ದು ಎರಡು ಹೆಜ್ಜೆಯ ದಾರಿ. ಉಮರ್ ಖಯ್ಯಾಮನ ಪರ್ಷಿಯನ್ ಪದ್ಯಗಳನ್ನು 1859ರಲ್ಲಿ ಫಿಟ್ಸ್‌ಜೆರಾಲ್ಡ್ ಇಂಗ್ಲಿಷಿಗೆ ತಂದ, ಅಲ್ಲಿಂದ ಕನ್ನಡಕ್ಕೆ ಡಿ.ವಿ.ಜಿ. ತಂದರು. ಕನ್ನಡದಲ್ಲಿ ಓದುವ ರಷ್ಯನ್, ಫ್ರೆಂಚ್ ಕೃತಿಗಳು ಬಹುಪಾಲು ಹೀಗೇ ಇಂಗ್ಲಿಷಿನ ಮೂಲಕ ಬಂದವು. ನಡುವಿನ ಅನುವಾದದಲ್ಲಿ ಏನಾದರೂ ತಪ್ಪಿದ್ದರೆ ಅದೂ ಜತೆಗೇ ಬರುತ್ತದೆ, ಇದು ಈ ದಾರಿಯ ತೊಂದರೆ. ಹಾಗಂತ ಕಾಯುತ್ತಾ ಕೂತಿದ್ದರೆ ಟಾಲ್‌ಸ್ಟಾಯ್ ನಮಗೆ ಸಿಗುತ್ತಲೇ ಇರಲಿಲ್ಲ.

ಕನ್ನಡದಿಂದ ಹೊರಗೆ ಹೋದದ್ದು

1973ರಲ್ಲಿ ಎ.ಕೆ. ರಾಮಾನುಜನ್ ಇಂಗ್ಲಿಷಿನಲ್ಲಿ ತಂದ ಒಂದು ಪುಟ್ಟ ವಚನ ಸಂಕಲನದಿಂದ ಬಸವಣ್ಣ, ದೇವರ ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮ ಜಗತ್ತಿನ ಓದುಗರಿಗೆ ಪರಿಚಯವಾದರು. ಮೈಸೂರಿನಲ್ಲಿ ಹುಟ್ಟಿ ಶಿಕಾಗೋದಲ್ಲಿ ಪಾಠ ಹೇಳುತ್ತಿದ್ದ ಅವರು 1976ರಲ್ಲಿ ಅನಂತಮೂರ್ತಿಯವರ ಸಂಸ್ಕಾರವನ್ನೂ ಇಂಗ್ಲಿಷಿಗೆ ತಂದರು. ಅವರ ವಚನಗಳು ಚಿಕ್ಕ ಚಿಕ್ಕ ಸಾಲುಗಳಾಗಿ ಮುರಿದು, ಆಧುನಿಕ ಇಂಗ್ಲಿಷ್ ಕವಿತೆಯಂತೆ ಕಾಣುತ್ತವೆ. ಇದನ್ನು ಮೆಚ್ಚಿದವರು ಬಹಳ. ಪ್ರಶ್ನೆ ಮಾಡಿದವರೂ ಇದ್ದಾರೆ. 1992ರಲ್ಲಿ ತೇಜಸ್ವಿನಿ ನಿರಂಜನ ಅವರು ಅನುವಾದದ ಬಗ್ಗೆ ಬರೆದ ತಮ್ಮ ಪುಸ್ತಕದಲ್ಲಿ ಈ ಕ್ರಮವನ್ನು ಟೀಕಿಸಿ, ಅಲ್ಲಮನ ವಚನವನ್ನು ತಾವೇ ಬೇರೆ ರೀತಿಯಲ್ಲಿ ಅನುವಾದಿಸಿ ತೋರಿಸಿದರು. ಮುಂದೆ ಅವರೇ ಜಯಂತ ಕಾಯ್ಕಿಣಿಯವರ ಮುಂಬೈ ಕತೆಗಳನ್ನು ಇಂಗ್ಲಿಷಿಗೆ ತಂದರು. 2018ರ ದಕ್ಷಿಣ ಏಷ್ಯಾ ಸಾಹಿತ್ಯದ ಡಿಎಸ್‌ಸಿ ಬಹುಮಾನ ಅದಕ್ಕೇ ಬಂತು, ಅದೂ ಇಬ್ಬರಿಗೂ ಸೇರಿ.

ಹೊರಗೆ ಅಂದರೆ ಇಂಗ್ಲಿಷ್ ಅಂತಲೇ ಅಂದುಕೊಳ್ಳಬೇಡಿ. ಭೈರಪ್ಪ, ಕಾರಂತ, ತೇಜಸ್ವಿಯವರನ್ನು ಮರಾಠಿ ಓದುಗರು ತಮ್ಮವರೇ ಅನ್ನುವಷ್ಟು ಓದಿದ್ದರೆ ಅದರ ಹಿಂದೆ ಉಮಾ ಕುಲಕರ್ಣಿ ಇದ್ದಾರೆ. ಅವರ ಪತಿ ವಿರೂಪಾಕ್ಷ ಕುಲಕರ್ಣಿ ಕನ್ನಡ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದರು, ಇವರು ಕೇಳಿಸಿಕೊಂಡು ಮರಾಠಿಯಲ್ಲಿ ಬರೆಯುತ್ತಿದ್ದರು. ವಿರೂಪಾಕ್ಷ ಅವರು ಮರಾಠಿಯಿಂದ ಕನ್ನಡಕ್ಕೂ ಅನುವಾದಿಸಿದವರು. ಒಂದೇ ಮನೆಯಿಂದ ಎರಡೂ ಭಾಷೆಗೆ ಪುಸ್ತಕಗಳು ಹೋದವು. ಗಿರೀಶ ಕಾರ್ನಾಡರ ತುಘಲಕ್ ದೆಹಲಿಯ ರಂಗಭೂಮಿಯಲ್ಲಿ ದೊಡ್ಡ ಹೆಸರು ಮಾಡಿದ್ದು ಬಿ.ವಿ. ಕಾರಂತರ ಹಿಂದುಸ್ತಾನಿ ಅನುವಾದದಿಂದ.

ಹಣ, ಹಕ್ಕು, ಮುಖಪುಟದ ಹೆಸರು

ಕಾನೂನಿನ ಪ್ರಕಾರ ಅನುವಾದ ಯಾರದ್ದು? 1957ರ ಭಾರತದ ಕೃತಿಸ್ವಾಮ್ಯ ಕಾಯ್ದೆಯಂತೆ, ಒಂದು ಕೃತಿಯನ್ನು ಅನುವಾದಿಸಲು ಅನುಮತಿ ಕೊಡುವ ಹಕ್ಕು ಮೂಲ ಲೇಖಕರದ್ದು. ಅನುಮತಿ ಪಡೆದು ಮಾಡಿದ ಅನುವಾದ ಇನ್ನೊಂದು ಹೊಸ ಕೃತಿ, ಅದಕ್ಕೆ ಬೇರೆಯೇ ಹಕ್ಕು ಹುಟ್ಟುತ್ತದೆ. ಈ ಹಕ್ಕು ಬರೆದವರು ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ. ಬಸವಣ್ಣನ ವಚನವನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ಅದರ ರಾಮಾನುಜನ್ ಅನುವಾದವನ್ನು ಹಾಗೆ ಹಾಕುವಂತಿಲ್ಲ. ಅವರು ತೀರಿಕೊಂಡದ್ದು 1993ರಲ್ಲಿ, ಆದ್ದರಿಂದ ಹಕ್ಕು 2053ರ ಕೊನೆಯವರೆಗೂ ಇದೆ.

ಆದರೆ ಹಕ್ಕು ಇರುವುದು ಬೇರೆ, ಹಣ ಸಿಗುವುದು ಬೇರೆ. ಅನುವಾದಕರಿಗೆ ಎರಡು ರೀತಿಯಲ್ಲಿ ಹಣ ಬರುತ್ತದೆ. ಒಂದೇ ಸಲ ಇಂತಿಷ್ಟು ಎಂದು ಕೊಟ್ಟು ಮುಗಿಸುವುದು ಒಂದು, ಮಾರಾಟವಾದ ಪ್ರತಿ ಪುಸ್ತಕದ ಬೆಲೆಯಲ್ಲಿ ಪಾಲು ಕೊಡುವ ರಾಯಧನ, ಅಂದರೆ ರಾಯಲ್ಟಿ ಇನ್ನೊಂದು. ಮೊದಲ ರೀತಿಯಲ್ಲಿ ಪುಸ್ತಕ ಇಪ್ಪತ್ತು ಮುದ್ರಣ ಕಂಡರೂ ಅನುವಾದಕರಿಗೆ ಮತ್ತೇನೂ ಬರುವುದಿಲ್ಲ. ಯಾವ ರೀತಿ ಎಂಬುದು ಪೂರ್ತಿ ಒಪ್ಪಂದದ ಮೇಲೆ ನಿಂತಿದೆ. ಹಾಗಾಗಿ ಹೊಸದಾಗಿ ಈ ಕೆಲಸಕ್ಕೆ ಬರುವವರು ಬರೆಯಲು ಕೂರುವ ಮೊದಲೇ ಒಪ್ಪಂದವನ್ನು ಕಾಗದದಲ್ಲಿ ಮಾಡಿಕೊಳ್ಳಬೇಕು.

ಮನ್ನಣೆಯೂ ತಡವಾಗಿಯೇ ಬಂತು. ಕೇಂದ್ರ ಸಾಹಿತ್ಯ ಅಕಾಡೆಮಿಯ ಮುಖ್ಯ ಪ್ರಶಸ್ತಿ 1955ರಿಂದ ಇದೆ, ಅನುವಾದಕ್ಕೆ ಬೇರೆ ಬಹುಮಾನ ಶುರುವಾದದ್ದು 1989ರಲ್ಲಿ. ವಿಶ್ವಸಂಸ್ಥೆ ಸೆಪ್ಟೆಂಬರ್ 30ನ್ನು ಅಂತಾರಾಷ್ಟ್ರೀಯ ಅನುವಾದ ದಿನ ಎಂದು ಘೋಷಿಸಿದ್ದು 2017ರಲ್ಲಿ. ಅದು ಬೈಬಲ್ಲನ್ನು ಲ್ಯಾಟಿನ್ನಿಗೆ ತಂದ ಸಂತ ಜೆರೋಮ್ 420ರಲ್ಲಿ ತೀರಿಕೊಂಡ ದಿನ. 2021ರ ಅದೇ ದಿನ ಜೆನಿಫರ್ ಕ್ರಾಫ್ಟ್ ಎಂಬ ಅನುವಾದಕಿ ಮತ್ತು ಲೇಖಕ ಮಾರ್ಕ್ ಹ್ಯಾಡನ್ ಒಂದು ಬಹಿರಂಗ ಪತ್ರ ಹೊರಡಿಸಿ, ಅನುವಾದಕರ ಹೆಸರು ಮುಖಪುಟದಲ್ಲೇ ಇರಬೇಕು ಎಂದು ಕೇಳಿದರು. ಕ್ರಾಫ್ಟ್ ತಾವೇ 2018ರಲ್ಲಿ ಪೋಲೆಂಡಿನ ಓಲ್ಗಾ ತೊಕಾರ್ಚುಕ್ ಜತೆ ಇಂಟರ್‌ನ್ಯಾಷನಲ್ ಬೂಕರ್ ಗೆದ್ದವರು.

ಮೊಬೈಲಿನಲ್ಲೇ ಅನುವಾದ ಆಗುತ್ತದಲ್ಲ?

ಗೂಗಲ್ ಟ್ರಾನ್ಸ್‌ಲೇಟ್‌ಗೆ ಕನ್ನಡ ಸೇರಿದ್ದು 2011ರಲ್ಲಿ. ಈಗ ಬ್ಯಾಂಕಿನ ಪತ್ರ, ಔಷಧಿಯ ಚೀಟಿ, ಬಸ್ಸಿನ ಬೋರ್ಡು ಇಂಥದ್ದಕ್ಕೆ ಯಂತ್ರದ ಅನುವಾದ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಆದರೆ ಯಂತ್ರ ಇದನ್ನು ಕಲಿತದ್ದು ಹೇಗೆ? ಮೊದಲ ದಿನಗಳಲ್ಲಿ ವಿಶ್ವಸಂಸ್ಥೆಯ, ಯುರೋಪಿನ ಸಂಸತ್ತಿನ ಕಡತಗಳು ಇದಕ್ಕೆ ತುಂಬಾ ಬಳಕೆಯಾದವು. ಒಂದೇ ಕಡತವನ್ನು ಮನುಷ್ಯರು ಹಲವು ಭಾಷೆಗಳಲ್ಲಿ ಬರೆದಿಟ್ಟಿದ್ದರು. ಯಂತ್ರ ಅವನ್ನು ಜೋಡಿಸಿ ನೋಡಿ ಕಲಿಯಿತು. ಅಂಥ ಜೋಡಿ ಬರಹ ಕನ್ನಡದಲ್ಲಿ ಕಡಿಮೆ ಇದ್ದದ್ದು ಅನುವಾದದ ಗುಣಮಟ್ಟ ಹಿಂದುಳಿಯಲು ಒಂದು ಮುಖ್ಯ ಕಾರಣ.

ಅನುವಾದಿತ ಪುಸ್ತಕ ಕೈಗೆ ಸಿಕ್ಕಾಗ

ಮುಖಪುಟದಲ್ಲಿ ಅನುವಾದಕರ ಹೆಸರು ಕಾಣದಿದ್ದರೆ ಒಳಗಿನ ಶೀರ್ಷಿಕೆ ಪುಟ, ಅದರ ಹಿಂಬದಿ ನೋಡಿ. ಮೂಲ ಭಾಷೆ ಯಾವುದು, ಅನುವಾದ ನೇರವಾಗಿ ಬಂದದ್ದೋ ಇಂಗ್ಲಿಷಿನ ಮೂಲಕವೋ, ಹಕ್ಕು ಯಾರ ಹೆಸರಿನಲ್ಲಿದೆ ಎಲ್ಲ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಅನುವಾದಕರ ಮಾತು ಎಂಬ ಪುಟಗಳಿದ್ದರೆ ಕತೆ ಮುಗಿದ ಮೇಲೆ ಓದಿ, ಅವರು ಎಲ್ಲಿ ತಡವರಿಸಿದರು, ಏನನ್ನು ಬಿಟ್ಟರು ಎಂದು ಅದರಲ್ಲಿ ಗೊತ್ತಾಗುತ್ತದೆ. ಒಂದೇ ಕೃತಿಗೆ ಎರಡು ಅನುವಾದ ಸಿಕ್ಕರೆ ಮೊದಲ ಪುಟವನ್ನು ಎರಡರಲ್ಲೂ ಓದಿ ನೋಡಿ, ಆಮೇಲೆ ಕೊಳ್ಳಿ. ಮತ್ತೆ ಪುಸ್ತಕದ ಬಗ್ಗೆ ಎಲ್ಲಾದರೂ ನಾಲ್ಕು ಸಾಲು ಬರೆಯುವಾಗ ಭಾಷೆ ಚೆನ್ನಾಗಿದೆ ಅನ್ನಿಸಿದರೆ, ಅದು ಯಾರ ಭಾಷೆಯೋ ಅವರ ಹೆಸರನ್ನೂ ಹಾಕಿ.